ಮೋಗ್ಲಿಂಗ್ ಅಯ್ಯನವರೂ ಮಲಸಮುದ್ರದ ಹೊಲವೂ

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಕಡೆಯ ನಮ್ಮ ವಾಚಕರು ಸಂತೆಗೋ ಆಸ್ಪತ್ರೆಗೋ ಗದಗ-ಬೆಟಗೇರಿಗೆ ಆಗಾಗ ಹೋಗಿ ಬರುವವರೇ. ಗದಗಿಗೆ ಸಮೀಪವಾಗಿ ಮಲಸಮುದ್ರವೆಂಬ ಒಂದು ಚಿಕ್ಕ ಊರು ಉಂಟು. ಸುತ್ತಲಿನ ಊರುಗಳ ಹಾಗೆಯೇ ಅದೂ ಒಕ್ಕಲಿಗರ ಊರು. ದಾರಿಯಲ್ಲಿ ಹೋಗುವವನು ಅದನ್ನು ವಿಶೇಷವಾಗಿ ನೋಡಬೇಕಾದ ಕಾರಣವೇನೂ ಕಾಣುವದಿಲ್ಲ. ಆದಾಗ್ಯೂ ಕನ್ನಡ ನಾಡಿನ ಸಭೆಗಳ ಚರಿತ್ರೆಯಲ್ಲಿ ಆ ಊರಿನ ಹೆಸರು ಒಬ್ಬ ದೊಡ್ಡ ಮನುಷ್ಯನ ತಪ್ಪಿನೊಂದಿಗೆ ಸೇರಿಕೊಂಡಿದೆ. ಆ ಮನುಷ್ಯರು ಯಾರೆಂದರೆ, ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಫ್ರೀಡ್ರಿಖ್ ಮೋಗ್ಲಿಂಗ್ ಅಯ್ಯನವರು.

ಅವರ ಹೆಸರನ್ನು ಓದುಬರಹ ಬಲ್ಲವರೆಲ್ಲರೂ ಕೇಳಿದ್ದಾರೆ. ಪ್ರತಿವರುಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನವನ್ನು ಆಚರಿಸುವದು ಅವರ ಪತ್ರಿಕೆಯ ನೆನಪಿಗಾಗಿಯೇ. ಆದರೆ ಸಭಿಕರಲ್ಲದವರು ಅವರ ವಿದ್ಯೆಯನ್ನು ಹೊಗಳುವಾಗ ಮಲಸಮುದ್ರದ ಮಾತನ್ನು ಎತ್ತುವದಿಲ್ಲ. ಸಭಿಕರೂ ಬಹುಮಟ್ಟಿಗೆ ಅದನ್ನು ದಾಟಿ ಮುಂದಕ್ಕೆ ಹೋಗುತ್ತಾರೆ. ಹೀಗೆ ದಾಟುವದು ಸರಿಯಲ್ಲವೆಂದು ನಮಗೆ ತೋರುತ್ತದೆ. ಸತ್ಯವೇದವು ಪೇತ್ರನ ಚರಿತ್ರೆಯನ್ನು ಹೇಳುವಾಗ ಕೋಳಿ ಕೂಗಿದ ರಾತ್ರಿಯನ್ನು ಬಿಟ್ಟು ಹೇಳಲಿಲ್ಲವಷ್ಟೆ.

ಮೋಗ್ಲಿಂಗ್ ಅಯ್ಯನವರು 1811ನೆಯ ಇಸವಿ ಮೇ ತಿಂಗಳ 29ನೆಯ ತಾರೀಖಿನಲ್ಲಿ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಹುಟ್ಟಿದರು. ತ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಕಲಿತರು. ಆ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಘದಲ್ಲಿ ಸೇರಿದವರು ಹೆಚ್ಚಾಗಿ ಒಕ್ಕಲಿಗರ ಮತ್ತು ಕೈಗೆಲಸದವರ ಮಕ್ಕಳು. ವಿಶ್ವವಿದ್ಯಾಲಯದಲ್ಲಿ ಓದಿದವರು ಅವರಲ್ಲಿ ಅಪರೂಪ. ಒಳ್ಳೇ ವಿದ್ಯೆಯುಳ್ಳ ತರುಣನಿಗೆ ಸ್ವದೇಶದಲ್ಲಿ ಸಭಾಪಾಲಕನ ಉದ್ಯೋಗವೂ ಗೌರವವೂ ಕಾದಿರುವಾಗ ಅದನ್ನೆಲ್ಲಾ ಬಿಟ್ಟು ಸಮುದ್ರದ ಆಚೆಗೆ ಹೊರಟದ್ದನ್ನು ಕಂಡು ಅನೇಕರು ಆಶ್ಚರ್ಯಪಟ್ಟಿರಬೇಕು.

ಬಾಸೆಲ್ ಸಂಘವು ಸ್ಥಾಪಿಸಲ್ಪಟ್ಟದ್ದು 1815ರಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯ ಆಳಿಕೆಯಲ್ಲಿದ್ದ ಸೀಮೆಗಳಲ್ಲಿ ಇಂಗ್ಲಿಷರಲ್ಲದ ಮಿಶನರಿಗಳೂ ಕೆಲಸ ಮಾಡಬಹುದೆಂದು 1833ರಲ್ಲಿ ಅಪ್ಪಣೆಯಾದ ಮೇಲೆ, 1834ರಲ್ಲಿ ಹೆಬಿಕ್, ಲೆಹ್ನೆರ್, ಗ್ರೈನೆರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಹಿಂದೆ 1836ರ ಕೊನೆಯಲ್ಲಿ ಮೋಗ್ಲಿಂಗ್ ಅಯ್ಯನವರು ಬಂದರು. ಸುಯೆಜ್ ಕಾಲುವೆ ಆಗ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಆಫ್ರಿಕ ಖಂಡವನ್ನು ಸುತ್ತಿಕೊಂಡು ಹಡಗಿನಲ್ಲಿ ತಿಂಗಳುಗಟ್ಟಲೆ ಬರಬೇಕಾಗಿತ್ತು. ಅವರಿಗೆ ಆಗ 25 ವರುಷ.

1837ರಲ್ಲಿ ಘಟ್ಟದ ಮೇಲೆ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಮಿಶನಿನ ಠಾಣ್ಯಗಳು ಆದವು. ಆಗಿನ ನಮ್ಮ ಸೀಮೆಯನ್ನು ವಾಚಕರು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಪೇಶವೆಯರ ರಾಜ್ಯವು ಬಿದ್ದು ಇಪ್ಪತ್ತು ವರುಷ ಮಾತ್ರ ಆಗಿತ್ತು. ನರಗುಂದದ ಕೋಟೆಯಲ್ಲಿ ಇನ್ನೂ ಭಾವೆ ಮನೆತನದ ಸಂಸ್ಥಾನಿಕರು ಆಳುತ್ತಿದ್ದರು. ಗಜೇಂದ್ರಗಡದಲ್ಲಿ ಘೋರ್ಪಡೆಯವರು ಇದ್ದರು. ರೈಲು ಇಲ್ಲ, ಸಡಕು ಇಲ್ಲ; ಮಳೆ ಬಿದ್ದರೆ ಎರೆ ಮಣ್ಣಿನಲ್ಲಿ ಚಕ್ಕಡಿ ಹೂತುಹೋಗುವದು, ಮಳೆ ಹೋದರೆ ಜೋಳ ಒಣಗುವದು. ಆಳುವವರು ಬದಲಾದದ್ದರಿಂದ ಹಳ್ಳಿಯ ಜನರ ಮನಸ್ಸು ಕದಡಿಹೋಗಿತ್ತು. ಮುಂದೆ ಏನಾಗುವದೋ ಎಂದು ಕೇಳದವನು ಇರಲಿಲ್ಲ.

ಅಂಥಾ ಕಾಲದಲ್ಲಿಯೇ ಕಾಲಜ್ಞಾನಿಗಳ ಸಂಗತಿ ನಡೆಯಿತು. ಕಾಲಜ್ಞಾನವೆಂದರೆ ಬರುವ ಕಾಲದ ಸಂಗತಿಗಳನ್ನು ಗೂಢವಾದ ಮಾತುಗಳಲ್ಲಿ ಮುಂತಿಳಿಸುವ ಪದಗಳೂ ವಚನಗಳೂ. ಈಗಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರಲ್ಲಿ ಇಂಥಾ ಗ್ರಂಥಗಳು ಬಹಳ ಉಂಟು. ಬೇರೆ ಕಡೆಯ ಶರಣರ ಮಠಗಳಲ್ಲಿಯೂ ಇಂಥವು ಇದ್ದವು. 1839-40ರ ಸುಮಾರಿಗೆ ಹುಬ್ಬಳ್ಳಿಯ ಸುತ್ತಿನ ಹಳ್ಳಿಗಳಿಂದ ಈ ಕಾಲಜ್ಞಾನವನ್ನು ನಂಬುವ ಲಿಂಗವಂತರಲ್ಲಿ ಕೆಲವರು ಮಿಶನರಿಗಳನ್ನು ಹುಡುಕಿಕೊಂಡು ಬಂದರು. ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲವು ಸಮೀಪಿಸಿತೆಂದೂ, ಪಡುವಣ ದಿಕ್ಕಿನಿಂದ ಬಂದ ಈ ಗುರುಗಳ ಉಪದೇಶವು ಆ ಮುಂತಿಳಿಸಿದ ಮಾತಿಗೆ ಹೊಂದುತ್ತದೆಂದೂ ಅವರು ಹೇಳಿಕೊಂಡರು. ತಮ್ಮ ಮತದವರು ಊರೂರಿಗೆ ಇದ್ದಾರೆಂಬ ಮಾತೂ ಬಂತು.

ವಾಚಕರೇ, ಇಂಥಾ ಮಾತು ಕೇಳಿದವನ ಸ್ಥಿತಿಯನ್ನು ಆಲೋಚಿಸಿರಿ. ಮನೆ ಬಿಟ್ಟು ವರುಷಗಳು ಆದವು. ಭಾಷೆಯನ್ನು ಕಷ್ಟದಿಂದ ಕಲಿತದ್ದಾಯಿತು. ಸಂತೆಯಲ್ಲಿ ನಿಂತು ಬೋಧಿಸಿದರೆ ಜನರು ನಗುತ್ತಾರೆ, ಇಲ್ಲವೆ ತಲೆ ಅಲ್ಲಾಡಿಸಿ ಹೋಗಿಬಿಡುತ್ತಾರೆ. ಹೀಗಿರಲಾಗಿ, ಕರೆಯದೆ ಬಂದ ಜನರೇ ಬಾಗಲಲ್ಲಿ ನಿಂತು ತಾವು ನಿಮ್ಮವರೇ ಎಂದು ಹೇಳಿದರೆ ಯಾರಿಗೆ ತಾನೇ ಹೃದಯವು ತುಂಬಿ ಬಾರದು? ಮೋಗ್ಲಿಂಗ್ ಅಯ್ಯನವರಿಗೆ ಇದು ದೇವರೇ ತೆರೆದ ಬಾಗಲು ಎಂದು ತೋರಿತು. ಒಂದೊಂದು ಆತ್ಮವನ್ನಲ್ಲ, ಒಂದು ಜನಾಂಗವನ್ನೇ ಕರ್ತನು ಕೊಡುವನೆಂಬ ನಿರೀಕ್ಷೆ ಅವರಲ್ಲಿ ಹುಟ್ಟಿತು. ಈ ಜನರ ಮಧ್ಯದಲ್ಲಿ ಇರುವದಕ್ಕೋಸ್ಕರ ಯುರೋಪಿಯನರ ಊಟ, ಉಡುಪು, ವಾಸದ ರೀತಿಗಳನ್ನು ಬಿಟ್ಟು ಈ ದೇಶದವರಂತೆಯೇ ಬದುಕಬೇಕೆಂಬ ವಿಚಾರವನ್ನೂ ಅವರು ಕೈಗೊಂಡರು. ಆ ದೊಡ್ಡ ನಿರೀಕ್ಷೆಯ ದಿವಸಗಳಲ್ಲಿಯೇ, 1841ರಲ್ಲಿ, ಮಲಸಮುದ್ರದಲ್ಲಿ ಒಕ್ಕಲುತನದ ಒಂದು ಕ್ರೈಸ್ತ ವಸತಿಯು ಆರಂಭಿಸಲ್ಪಟ್ಟಿತು. ಬರುವವರು ಜಾತಿಯಿಂದ ಹೊರಗಾದರೆ ನಿಲ್ಲುವದಕ್ಕೆ ನೆಲ ಬೇಕು, ಉಣ್ಣುವದಕ್ಕೆ ಬೆಳೆ ಬೇಕು. ಆದುದರಿಂದ ಹೊಲವನ್ನು ಮುಂಚಿತವಾಗಿ ಸಿದ್ಧಮಾಡಬೇಕೆಂಬದು ಅದರ ತಾತ್ಪರ್ಯ.

ಹೊಲವು ಸಿದ್ಧವಾಯಿತು. ಜನರು ಬರಲಿಲ್ಲ.

ಕಾಲಜ್ಞಾನಿಗಳ ಮುಖಂಡರು ಮಾತಾಡುವ ತನಕ ಮುಂದಾಗಿದ್ದರು; ದೀಕ್ಷಾಸ್ನಾನದ ಮಾತು ಬಂದಾಗ ಹಿಂಜರಿದರು. ಹೊಸ ಗುರುಗಳ ಆಶ್ರಯದಿಂದ ಲೋಕದ ಲಾಭವಾದೀತೆಂದು ನೆನಸಿ ಬಂದವರೂ ಅವರಲ್ಲಿ ಇದ್ದರು. ಸಮೂಹವು ಒಡೆದು ಚದರಿತು. ಮಲಸಮುದ್ರದಲ್ಲಿ ಉಳಿದವರು ಕೆಲವರೇ. ಆ ವಸತಿಯು ಏಳಿಗೆಗೆ ಬರಲಿಲ್ಲ, ಕ್ರಮೇಣ ಕೆಲಸದ ನೆಲೆಯು ನೇಕಾರರ ಊರಾದ ಬೆಟಗೇರಿಗೆ ಸರಿಯಿತು.

ತಪ್ಪು ಎಲ್ಲಿ ಆಯಿತೆಂದು ನಾವು ಕೇಳಬೇಕು. ಜನರನ್ನು ಪ್ರೀತಿಸಿದ್ದು ತಪ್ಪಲ್ಲ. ಅವರಂತೆ ಉಣ್ಣಬೇಕು ಉಡಬೇಕು ಎಂದದ್ದೂ ತಪ್ಪಲ್ಲ. ಹೂವಿನಹಡಗಲಿಯ ಕಡೆಯ ಮೈಲಾರದ ಕಾರಣಿಕವನ್ನು ನಮ್ಮ ವಾಚಕರಲ್ಲಿ ಅನೇಕರು ಹಿಂದೆ ಕೇಳಿ ಬಂದವರೇ. ಗೊರವಯ್ಯನು ಬಿಲ್ಲಿನ ಮೇಲೆ ಏರಿ ಒಂದೇ ಮಾತು ಹೇಳುತ್ತಾನೆ. ಅದನ್ನು ಕೇಳಿ ಒಕ್ಕಲಿಗನು ಮಳೆಯ ಮಾತೆನ್ನುತ್ತಾನೆ, ಹತ್ತಿಯ ವ್ಯಾಪಾರಿಯು ಧಾರಣೆಯ ಮಾತೆನ್ನುತ್ತಾನೆ, ರಾಜಕೀಯದವನು ಮಂತ್ರಿಗಳು ಬೀಳುವ ಮಾತೆನ್ನುತ್ತಾನೆ. ಪ್ರತಿಯೊಬ್ಬನು ತನ್ನ ಮನಸ್ಸಿನಲ್ಲಿ ಮೊದಲೇ ಇದ್ದದ್ದನ್ನು ಅದರಲ್ಲಿ ಕೇಳುತ್ತಾನೆ. ಕಾಲಜ್ಞಾನಿಗಳು ಮಿಶನರಿಗಳ ಬೋಧನೆಯಲ್ಲಿ ತಮ್ಮ ಗ್ರಂಥವನ್ನು ಕೇಳಿದರು. ಮೋಗ್ಲಿಂಗ್ ಅಯ್ಯನವರು ಅವರ ಗ್ರಂಥದಲ್ಲಿ ತಮ್ಮ ಪ್ರಾರ್ಥನೆಯ ಉತ್ತರವನ್ನು ಕೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಅಯ್ಯನವರಲ್ಲಿ ಆತುರವಿತ್ತು, ಆ ಆತುರವು ಭಕ್ತಿಯ ವೇಷವನ್ನು ಹಾಕಿಕೊಂಡಿದ್ದರಿಂದ ಅದನ್ನು ಗುರುತಿಸುವದು ಕಠಿಣವಾಯಿತು. ಕಳ್ಳತನ, ಕುಡಿತ, ಸುಳ್ಳು ಇವು ತಪ್ಪೆಂದು ಮಾಡುವವನಿಗೇ ಗೊತ್ತಿರುತ್ತದೆ. ದೇವರಿಗಾಗಿ ಮಾಡುತ್ತೇನೆಂದು ಮಾಡಿದ ತಪ್ಪನ್ನು ಒಪ್ಪಿಕೊಳ್ಳುವದೇ ಎಲ್ಲಕ್ಕಿಂತ ಕಷ್ಟ.

ಇನ್ನೊಂದು ಮಾತು ಹೇಳಬೇಕು. ಬಂದವರನ್ನು ವಂಚಕರೆಂದು ಎಣಿಸಿ ಸುಮ್ಮನಾಗುವದು ಸುಲಭ. ಹಾಗೆ ಬರೆದವರೂ ಉಂಟು. ಆದರೆ ಬಡವನಾದ ಒಕ್ಕಲಿಗನು ಜಾತಿ ಬಿಟ್ಟರೆ ಹೆಣ್ಣು ಕೊಡುವವರು ಯಾರು, ಸತ್ತರೆ ಹೊರುವವರು ಯಾರು ಎಂಬ ಪ್ರಶ್ನೆಯು ನಮ್ಮ ಹಿರಿಯರಿಗೂ ಇದ್ದದ್ದೇ. ಆ ಪ್ರಶ್ನೆಯ ಮುಂದೆ ಹಿಂಜರಿದವರನ್ನು ದೂಷಿಸುವ ಅಧಿಕಾರ ನಮಗೆ ಇಲ್ಲ.

ಈಗ ಮೋಗ್ಲಿಂಗ್ ಅಯ್ಯನವರು ಏನು ಮಾಡಿದರೆಂಬದನ್ನು ನೋಡೋಣ. ಇಂಥಾ ಸ್ಥಿತಿಯಲ್ಲಿ ಮನುಷ್ಯನಿಗೆ ಕಾಣುವ ದಾರಿಗಳು ಎರಡು. ಹಟ ಹಿಡಿದು, ಇನ್ನೂ ಸ್ವಲ್ಪ ದಿವಸ ತಾಳಿದರೆ ಜನರು ಬಂದೇ ಬರುವರೆಂದು ಆ ಹೊಲದಲ್ಲಿಯೇ ಕೂತು ಮುಪ್ಪಾಗುವದು ಒಂದು. ಮನಸ್ಸು ಮುರಿದು, ಹಡಗು ಹತ್ತಿ ಸ್ವದೇಶಕ್ಕೆ ಹೋಗಿಬಿಡುವದು ಇನ್ನೊಂದು. ಅವರು ಈ ಎರಡನ್ನೂ ಮಾಡಲಿಲ್ಲ. ಘಟ್ಟ ಇಳಿದು ಮಂಗಳೂರಿಗೆ ಹಿಂದಿರುಗಿ, ಮಕ್ಕಳ ಶಾಲೆಯ ಕೆಲಸಕ್ಕೆ ಕೈ ಹಚ್ಚಿದರು. ಸಂಘವು ಅವರನ್ನು ತಳ್ಳಿಬಿಡಲಿಲ್ಲ. ಅವರೂ ಸಂಘವನ್ನು ಬಿಡಲಿಲ್ಲ. ಸಾವಿರಾರು ಜನರನ್ನು ಒಂದೇ ಬಾರಿಗೆ ಕರೆದುತರುವ ಆಶೆಯಿಂದ ಹೊರಟವರು ಹುಡುಗರ ಮುಂದೆ ಕೂತು ಅಕ್ಷರ, ಲೆಕ್ಕ, ಸತ್ಯವೇದದ ಕಥೆಗಳನ್ನು ಕಲಿಸಿದರು. ಆ ಬೋಧನೆಯಿಂದಲೇ ಮುಂದೆ 1847ರಲ್ಲಿ ಉಪದೇಶಿಗಳನ್ನು ಸಿದ್ಧಮಾಡುವ ದೇವಜ್ಞಾನ ಶಾಲೆಯು ಮಂಗಳೂರಿನಲ್ಲಿ ಆಯಿತು. ನಮ್ಮ ಹಳ್ಳಿಗಳ ಹಿಂದಿನ ಉಪದೇಶಿಗಳಲ್ಲಿ ಅಲ್ಲಿ ಕಲಿತು ಬಂದವರು ಉಂಟು.

ಮಾನಸಾಂತರವೆಂಬ ಶಬ್ದವನ್ನು ನಾವು ಪ್ರತಿ ಆದಿತ್ಯವಾರ ಕೇಳುತ್ತೇವೆ. ಕಣ್ಣೀರು ಸುರಿಸುವದೇ ಮಾನಸಾಂತರವೆಂದು ಅನೇಕರ ಎಣಿಕೆ. ಸಾಲದ ಭಾರದಲ್ಲಿ ಬಿದ್ದು, ಮಗುವಿನ ಬೇನೆಗೆ ಹೆದರಿ, ಸವದತ್ತಿಯ ಗುಡ್ಡಕ್ಕೆ ಹೋಗಿ ಹರಕೆ ತೀರಿಸಿ ಬಂದ ಮನುಷ್ಯನು ಒಂದು ಹಳ್ಳಿಯ ಸಭೆಯಲ್ಲಿ ಇದ್ದಾನೆಂದು ಭಾವಿಸಿರಿ. ಅವನು ರಾತ್ರಿಯಲ್ಲಿ ಅಳುತ್ತಾನೆ. ಆದರೆ ಆದಿತ್ಯವಾರ ಗುಡಿಗೆ ಬರುವದಿಲ್ಲ. ಎದುರಿಗೆ ಉಪದೇಶಿಯು ಬಂದರೆ ಬೇರೆ ದಾರಿ ಹಿಡಿಯುತ್ತಾನೆ. ವರುಷ ಎರಡು ವರುಷ ಹೀಗೆ ಹೋದರೆ ಅವನ ಮಕ್ಕಳು ಸಭೆಯ ಹಾಡುಗಳನ್ನು ಮರೆಯುತ್ತಾರೆ. ಅವನನ್ನು ದೂರ ಇಟ್ಟದ್ದು ಹರಕೆಗಿಂತಲೂ ಹೆಚ್ಚಾಗಿ ನಾಚಿಕೆಯೇ. ಸಭೆಯ ಹಿರಿಯರೂ ಅನೇಕ ವೇಳೆ ಆ ನಾಚಿಕೆಗೆ ಬೇಲಿ ಕಟ್ಟುತ್ತಾರೆ. ಅವನಿಗೆ ಮೋಗ್ಲಿಂಗ್ ಅಯ್ಯನವರ ಘಟ್ಟ ಇಳಿದ ಪ್ರಯಾಣವನ್ನು ಯಾರಾದರೂ ಹೇಳಬೇಕು. ದೊಡ್ಡ ಮಾತಾಡಿ ಹೊರಟವರು ಬರಿಗೈಯಲ್ಲಿ ಅದೇ ದಾರಿಯಿಂದ ಹಿಂದಿರುಗಿ, ತಮ್ಮನ್ನು ಬಲ್ಲ ಜನರ ಮಧ್ಯದಲ್ಲಿಯೇ ಚಿಕ್ಕ ಕೆಲಸಕ್ಕೆ ಕೂತರು.

ಆ ಚಿಕ್ಕ ಕೆಲಸದಿಂದ ಬಂದ ಫಲಗಳನ್ನು ನೋಡಿರಿ. ಮಂಗಳೂರಿನಲ್ಲಿ 1841ರಲ್ಲಿ ಮಿಶನಿನ ಕಲ್ಲಚ್ಚಿನ ಛಾಪಖಾನೆ ಆಗಿತ್ತು. 1843ನೆಯ ಇಸವಿ ಜುಲೈ 1ನೆಯ ತಾರೀಖಿನಲ್ಲಿ ಮೋಗ್ಲಿಂಗ್ ಅಯ್ಯನವರು ಅಲ್ಲಿಂದ ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಪಕ್ಷಕ್ಕೆ ಒಂದು ಬಾರಿ ಬರುತ್ತಿತ್ತು. ಬೆಲೆಯು ಒಂದು ದುಡ್ಡು. ಅದರಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳು, ಬೇರೆ ರಾಜ್ಯಗಳ ಸುದ್ದಿ, ಬುದ್ಧಿಮಾತು, ಕಥೆ ಇವೆಲ್ಲಾ ಇದ್ದವು. ಮರುವರುಷ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರಿನಿಂದ ಮೊಳೆಯಚ್ಚಿನಲ್ಲಿ ನಡೆಯಿತು. ಬಹು ದಿವಸ ಬದುಕಲಿಲ್ಲ. ಆದರೆ ಕನ್ನಡದಲ್ಲಿ ಈ ಹೊತ್ತಿನ ತನಕ ಹೊರಟ ಪತ್ರಿಕೆಗಳೆಲ್ಲಾ ಅದರ ಹಿಂದೆ ಬಂದವುಗಳೇ.

ಈ ನಡುವೆ ಶಾಲೆಯಿಂದಲೇ ಇನ್ನೊಂದು ಪರೀಕ್ಷೆ ಬಂತು. 1844ರ ಜನವರಿ 6ರಂದು ಸಾರಸ್ವತ ಬ್ರಾಹ್ಮಣರಾದ ಮೂವರು ತರುಣರು ಮಂಗಳೂರಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯರು. ಪಟ್ಟಣದಲ್ಲಿ ದೊಡ್ಡ ಗಲಿಬಿಲಿ ಎದ್ದಿತು. ಇವರ ಹಿಂದೆ ಅವರ ಕುಲದವರೆಲ್ಲಾ ಬರುವರೆಂದು ಕೆಲವರು ಎಣಿಸಿದ್ದರೂ ಅಂಥಾದ್ದು ನಡೆಯಲಿಲ್ಲ. ಮಲಸಮುದ್ರವನ್ನು ಕಾಣದ ಮೋಗ್ಲಿಂಗ್ ಅಯ್ಯನವರಾಗಿದ್ದರೆ ಇದರಿಂದ ಮತ್ತೊಮ್ಮೆ ಕುಗ್ಗಿಹೋಗುತ್ತಿದ್ದರೋ ಏನೋ. ಅವರು ಬಂದ ಒಬ್ಬನನ್ನು ಬಿಗಿಯಾಗಿ ಹಿಡಿದುಕೊಂಡರು. ತಾವು ಯುರೋಪಿಗೆ ಹೋದಾಗ ಕೌಂಡಿನ್ಯರನ್ನು ಕರೆದುಕೊಂಡು ಹೋದರು. 1846ರಿಂದ ಕೌಂಡಿನ್ಯರು ಬಾಸೆಲಿನಲ್ಲಿ ಕಲಿತು, ದೀಕ್ಷಿತ ಬೋಧಕರಾಗಿ 1851ರಲ್ಲಿ ತಿರಿಗಿ ಬಂದರು. ಒಬ್ಬ ಮನುಷ್ಯನಿಗಾಗಿ ಏಳು ವರುಷ ಕಾದದ್ದು ಆಯಿತು.

ಅವರ ಜೀವಮಾನದ ಕೆಲಸಗಳಲ್ಲಿ ನಮ್ಮ ಮನಸ್ಸಿಗೆ ಬಹಳ ಹತ್ತುವ ಸಂಗತಿಯು ಇದರ ತರುವಾಯ ಬರುತ್ತದೆ. ಮದ್ರಾಸ್ ಸರಕಾರದಲ್ಲಿ ನ್ಯಾಯಾಧೀಶರಾಗಿದ್ದು ನೀಲಗಿರಿಯ ಕೇತಿಯಲ್ಲಿ ನೆಲಸಿದ್ದ ಕಾಸಮೇಜರ್ ದೊರೆಗಳು ಹಣದ ಸಹಾಯ ಮಾಡಿದ್ದರಿಂದ, ಮೋಗ್ಲಿಂಗ್ ಅಯ್ಯನವರು 1848ರಿಂದ ಕನ್ನಡದ ಹಳೇ ಗ್ರಂಥಗಳನ್ನು ಮಂಗಳೂರಿನ ಕಲ್ಲಚ್ಚಿನಲ್ಲಿ ಒಂದೊಂದಾಗಿ ಮುದ್ರಿಸಿದರು. ಈ ಮಾಲೆಗೆ ಬಿಬ್ಲಿಯೋಥೆಕ ಕರ್ನಾಟಿಕ ಎಂಬ ಹೆಸರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ಚನ್ನಬಸವ ಪುರಾಣ ಇವು ಅದರಲ್ಲಿ ಬಂದವು. 1850ರಲ್ಲಿ ಪುರಂದರದಾಸರು ಮೊದಲಾದವರ ಪದಗಳು ಅದರಲ್ಲಿ ಅಚ್ಚಾದವು. ಅದಕ್ಕೆ ಮುಂಚೆ ದಾಸರ ಪದಗಳು ಅಚ್ಚಿನ ಮುಖವನ್ನು ಕಂಡಿರಲಿಲ್ಲ. ಕ್ರಿಸ್ತನನ್ನು ಸಾರಲು ಬಂದ ಮಿಶನರಿಯು ಅನ್ಯಮತದ ಗ್ರಂಥಗಳನ್ನು ಯಾಕೆ ಮುದ್ರಿಸಿದನೆಂದು ಆಗಲೂ ಕೇಳಿದವರಿದ್ದರು, ಈಗಲೂ ನಮ್ಮಲ್ಲಿ ಕೇಳುವವರಿದ್ದಾರೆ. ಇದಕ್ಕೆ ಕಾರಣಗಳು ಅನೇಕ ಇರಬಹುದು. ಭಾಷೆಯನ್ನು ಚೆನ್ನಾಗಿ ಕಲಿಯಬೇಕೆಂಬದು ಒಂದು. ಆದರೆ ಹುಬ್ಬಳ್ಳಿಯ ಸೀಮೆಯಲ್ಲಿ ಇತರರ ಗ್ರಂಥದ ವಿಷಯವಾಗಿ ಕಿವಿಯಿಂದ ಕೇಳಿದ ಮಾತಿನ ಮೇಲೆ ಮನೆ ಕಟ್ಟಿ ಬಿದ್ದುಹೋದ ಮನುಷ್ಯನು, ಮುಂದೆ ವರುಷಗಟ್ಟಲೆ ಕೂತು ಆ ಜನರ ಗ್ರಂಥಗಳನ್ನು ಅಕ್ಷರ ಅಕ್ಷರವಾಗಿ ಓದಿದನೆಂಬದನ್ನು ನಾವು ಮರೆಯಲಾರೆವು. ಈ ಎರಡಕ್ಕೂ ಸಂಬಂಧವುಂಟೆಂದು ನಮ್ಮ ಎಣಿಕೆ. ತನ್ನ ನೆರೆಯವನ ಮಾತನ್ನು ಪೂರಾ ಕೇಳದೆ ಇದ್ದದ್ದೇ ಅವರ ತಪ್ಪಾಗಿತ್ತು. ತಿದ್ದಿಕೊಂಡ ರೀತಿಯೂ ಆ ತಪ್ಪಿಗೆ ಸರಿಯಾಗಿಯೇ ಇತ್ತು.

1852ರ ಹೊತ್ತಿಗೆ ಅವರ ದೇಹವು ಸೋತಿತ್ತು. ಸ್ವದೇಶಕ್ಕೆ ಹೊರಡಬೇಕೆಂದು ಸಿದ್ಧರಾಗಿರುವಾಗ ಕೊಡಗಿನಿಂದ ಒಬ್ಬ ಮನುಷ್ಯನು ಬಂದನು. ಅವನು ಅಲ್ಮಂಡ ಎಂಬ ಕೊಡವ ಮನೆತನದ ಸೋಮಯ್ಯ, ಸಂನ್ಯಾಸಿಯಾಗಿ ತಿರುಗಿದವನು. ದೀಕ್ಷಾಸ್ನಾನ ಬೇಕೆಂದು ಕೇಳಿದನು. 1853ರ ಆದಿಯಲ್ಲಿ ಅವನಿಗೆ ಸ್ತೆಫಾನನೆಂಬ ಹೆಸರಿನಿಂದ ದೀಕ್ಷಾಸ್ನಾನವಾಯಿತು. ಮೋಗ್ಲಿಂಗ್ ಅಯ್ಯನವರು ಊರಿಗೆ ಹೋಗುವದನ್ನು ಬಿಟ್ಟು ಅವನ ಸಂಗಡ ಕೊಡಗಿಗೆ ಹೋದರು.

ಹನ್ನೆರಡು ವರುಷಗಳ ಹಿಂದಿನ ಸಂಗತಿಗೂ ಇದಕ್ಕೂ ಎಷ್ಟು ಭೇದವಿದೆ ನೋಡಿರಿ. ಆಗ ಊರೂರಿನ ಲೆಕ್ಕವಿತ್ತು. ಈಗ ಒಂದೇ ಮನೆ. ಆಗ ಹೊಲವನ್ನು ತಾವು ಸಿದ್ಧಮಾಡಿ ಜನರನ್ನು ಕಾದರು; ಈಗ ಆ ಮನುಷ್ಯನ ಮನೆಗೇ ಹೋಗಿ ಅವನ ಕಷ್ಟದಲ್ಲಿ ಪಾಲುಗಾರರಾದರು. ಕಷ್ಟವು ಬೇಗನೆ ಬಂತು. ಮನೆತನದವರೂ ನಾಡಿನವರೂ ಸೋಮಯ್ಯನನ್ನೂ ಅವನ ಹೆಂಡತಿ ಮಕ್ಕಳನ್ನೂ ಹೊರಗೆ ಹಾಕಿದರು, ಆಸ್ತಿಯ ವ್ಯಾಜ್ಯವೂ ಎದ್ದಿತು. ಮತವನ್ನು ಬದಲು ಮಾಡಿದ್ದರಿಂದ ಯಾವನೂ ಪಿತ್ರಾರ್ಜಿತದ ಹಕ್ಕನ್ನು ಕಳಕೊಳ್ಳಬಾರದೆಂದು 1850ರ 21ನೆಯ ಕಾನೂನು ಆಗಲೇ ಆಗಿತ್ತು. ಆದರೆ ಕಾನೂನು ಕಾಗದದಲ್ಲಿ ಇರುವದೇ ಬೇರೆ, ನೆರೆಯವರು ಬಾವಿಯಲ್ಲಿ ನೀರು ಬಿಡುವದೇ ಬೇರೆ ಎಂಬದು ನಮ್ಮವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಕೊಡಗಿನಲ್ಲಿಯೂ ಅವರ ನಿರೀಕ್ಷೆಯಂತೆ ಎಲ್ಲಾ ನಡೆಯಿತೆಂದು ನಾವು ಹೇಳಲಾರೆವು. ಧೈರ್ಯಶಾಲಿಗಳಾದ ಕೊಡವರು ಕ್ರಿಸ್ತನ ಕಡೆಗೆ ತಿರುಗಿದರೆ ಎಷ್ಟು ಚೆನ್ನೆಂದು ಅವರು ಆಶಿಸಿದ್ದರು, ಕೊಡವರು ಬರಲಿಲ್ಲ. ಸುವಾರ್ತೆಯನ್ನು ಅಂಗೀಕರಿಸಿದವರು, ಅವರ ಗದ್ದೆಗಳಲ್ಲಿ ತಲೆತಲಾಂತರದಿಂದ ಜೀತಮಾಡುತ್ತಿದ್ದ ಹೊಲೆಯ ಕುಲದವರು. ಅವರಿಗೋಸ್ಕರ ಕೌಂಡಿನ್ಯರ ಮುಖಾಂತರ ಒಂದು ವಸತಿಯು ಆಯಿತು. ಅವರ ಹೆಸರಿನಿಂದಲೇ ಅದಕ್ಕೆ ಆನಂದಪುರವೆಂದು ಹೆಸರಾಯಿತು. ಬ್ರಾಹ್ಮಣನಾಗಿ ಹುಟ್ಟಿದವನು ಹೊಲೆಯರ ಸಭೆಗೆ ಬೋಧಕನಾದನು. ದೊಡ್ಡವರನ್ನು ಎದುರುನೋಡಿ ಸಣ್ಣವರನ್ನು ಪಡೆದದ್ದು ಮೋಗ್ಲಿಂಗ್ ಅಯ್ಯನವರಿಗೆ ಇದು ಮೊದಲನೆಯ ಸಾರಿಯಲ್ಲ. ಆದರೆ ಈ ಸಾರಿ ಬಂದವರನ್ನು ಅವರು ಕಡಿಮೆಯ ವರವೆಂದು ಎಣಿಸಲಿಲ್ಲ. ಮಲಸಮುದ್ರದ ವಸತಿಯು ಕಾಗದದ ಪುಟಗಳಲ್ಲಿ ಮಾತ್ರ ಉಳಿಯಿತು. ಆನಂದಪುರದಲ್ಲಿ ಸಭೆಯು ಉಳಿಯಿತು.

ಕೊಡಗಿನ ಚರಿತ್ರೆಯನ್ನು ಅವರು 1855ರಲ್ಲಿ ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದರು. ಕನ್ನಡ ಗ್ರಂಥಗಳ ಕೆಲಸಕ್ಕಾಗಿ 1858ರಲ್ಲಿ ತ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. ಇವುಗಳ ವಿಷಯವಾಗಿ ಪಂಡಿತರು ಬೇರೆ ಕಡೆ ವಿಸ್ತಾರವಾಗಿ ಬರೆದಿರುವದರಿಂದ ನಾವು ಇಲ್ಲಿ ಹೆಚ್ಚು ಹೇಳುವದಿಲ್ಲ.

1858ರಲ್ಲಿಯೇ ನಮ್ಮ ಸೀಮೆಯಲ್ಲಿ ನರಗುಂದದ ಬಾಬಾಸಾಹೇಬರ ಬಂಡಾಯವಾಗಿ, ಆ ಸಂಸ್ಥಾನವು ಹೋಗಿ, ಊರು ಕಂಪೆನಿಯವರ ಕೈಸೇರಿತು. ಕಾಲಜ್ಞಾನಿಗಳ ದಿವಸಗಳಲ್ಲಿ ಮುಂದೇನಾಗುವದೋ ಎಂದು ಕೇಳುತ್ತಿದ್ದ ಜನರ ಮಕ್ಕಳು ಅದನ್ನು ಕಣ್ಣಿನಿಂದ ಕಂಡರು. ಅಷ್ಟರಲ್ಲಿ ಬೆಟಗೇರಿಯಲ್ಲಿ ಚಿಕ್ಕ ಸಭೆಯೊಂದು ನಡೆಯುತ್ತಿತ್ತು. 1851ರಲ್ಲಿ ಗಜೇಂದ್ರಗಡದ ಆಚೆಗೆ ಗುಳೇದಗುಡ್ಡದಲ್ಲಿಯೂ ಠಾಣ್ಯವಾಗಿತ್ತು. ಈ ಎರಡೂ ಊರುಗಳಲ್ಲಿ ಮಗ್ಗದ ಸಪ್ಪಳದ ನಡುವೆ ಕೆಲಸವು ಬೆಳೆಯಿತು. ಒಂದು ಮನೆಯ ಹಿಂದೆ ಇನ್ನೊಂದು ಮನೆ ಬಂತು, ಕೆಲವು ಮನೆಗಳು ಹಿಂದಕ್ಕೂ ಹೋದವು. ಕಾಲಜ್ಞಾನದಲ್ಲಿ ಎಣಿಸಿದ್ದ ರೀತಿಯಿಂದ ಯಾವದೂ ಆಗಲಿಲ್ಲ.

1860ರಲ್ಲಿ ಹೆಂಡತಿಯ ಅಸ್ವಸ್ಥದ ನಿಮಿತ್ತ ಮೋಗ್ಲಿಂಗ್ ಅಯ್ಯನವರು ಭಾರತವನ್ನು ಬಿಟ್ಟರು. ಅವರಿಗೆ ಆಗ 49 ವರುಷ. ತಿರಿಗಿ ಈ ದೇಶಕ್ಕೆ ಬರುವದು ಅವರಿಂದ ಆಗಲಿಲ್ಲ. ಜರ್ಮನಿಯಲ್ಲಿ ಇದ್ದ ಇಪ್ಪತ್ತಕ್ಕಿಂತ ಹೆಚ್ಚು ವರುಷಗಳಲ್ಲಿ ಅವರ ಮನಸ್ಸು ಕನ್ನಡವನ್ನು ಬಿಡಲಿಲ್ಲ; 1866ರಲ್ಲಿ ಕೊಡಗಿನ ಮೇಲೆ ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು, ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಆ ಭಾಷೆಗೆ ತಿರುಗಿಸಿ ಅಲ್ಲಿನ ಪಂಡಿತರ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಕಾಲಜ್ಞಾನಿಗಳ ನಾಡಿನಲ್ಲಿ ಕಿವಿಗೆ ಬಿದ್ದಿದ್ದ ಭಾಷೆಯ ಮಾತುಗಳನ್ನು, ಅವುಗಳನ್ನು ಮಾತಾಡುವವರು ಒಬ್ಬರೂ ಇಲ್ಲದ ಊರಿನಲ್ಲಿ ಕೂತು, ಅವರು ಹೀಗೆ ತಮ್ಮ ಜನರಿಗೆ ತಿಳಿಯಹೇಳುತ್ತಿದ್ದರು.

ಎಸ್ಲಿಂಗೆನ್ ಎಂಬ ಊರಲ್ಲಿ 1881ನೆಯ ಇಸವಿ ಮೇ ತಿಂಗಳ 10ನೆಯ ತಾರೀಖಿನಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು. ಅವರಿಗೆ 70 ವರುಷ ತುಂಬುವದಕ್ಕೆ ಇನ್ನು 19 ದಿವಸ ಉಳಿದಿತ್ತು. ಮರುವರುಷ ಅವರ ಸ್ನೇಹಿತರೂ ಮಲಯಾಳ ನಿಘಂಟಿನ ಕರ್ತರೂ ಆದ ಗುಂಡೆರ್ಟ್ ಅಯ್ಯನವರು ಅವರ ಜೀವನ ಚರಿತ್ರೆಯನ್ನು ಬರೆದು ಪ್ರಕಟಿಸಿದರು.